ಠಕಾರದ ಚುಕ್ಕೆ ಉಳಿಯಬೇಕು: ಶಾಯಿ ಪೆನ್ನು ಆರಿಸುವ, ನಿಬ್ಬು ಹದಗೊಳಿಸುವ ಬಗೆ

ಫೌಂಟನ್ ಪೆನ್ನಿನೊಳಗಿನ ಶಾಯಿಯನ್ನು ಹೊರಗೆ ಎಳೆಯುವುದು ಕಾಗದ. ನಿಬ್ಬಿನ ನಡುವಿನ ಸೀಳು ತುದಿಯ ಹತ್ತಿರ ಕೂದಲೆಳೆಗಿಂತ ಕಿರಿದು. ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವಂತೆಯೇ ಈ ಸೀಳು ಶಾಯಿಯನ್ನು ತುದಿಯವರೆಗೆ ತಂದು ತಡೆದು ನಿಲ್ಲಿಸಿಕೊಂಡಿರುತ್ತದೆ. ತುದಿ ತಾಕಿದೊಡನೆ ಕಾಗದದ ನಾರು ಅದನ್ನು ಹೀರುತ್ತದೆ. ಹೊರಗೆ ಹೋದಷ್ಟೇ ಗಾಳಿ ಒಳಗೆ ಸೇರಬೇಕು; ಸೇರದಿದ್ದರೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಪೆನ್ನು ಕಟ್ಟಿಕೊಳ್ಳುತ್ತದೆ. ಈ ಕೊಡುಕೊಳ್ಳುವ ವ್ಯವಹಾರ ನಡೆಯುವುದು ನಿಬ್ಬಿನ ಅಡಿಗೆ ಅಂಟಿಕೊಂಡ, ಗೆರೆಗೆರೆಯಾಗಿ ಕೊರೆದ ಕಪ್ಪು ತುಂಡಿನಲ್ಲಿ. ಅದಕ್ಕೆ ಫೀಡ್ ಎಂದು ಹೆಸರು. ನಾಲಗೆ ಎಂದರೂ ಸರಿಯೇ. 1884ರಲ್ಲಿ ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದದ್ದು ಶಾಯಿಗೂ ಗಾಳಿಗೂ ದಾರಿ ಮಾಡಿಕೊಡುವ ಇಂಥ ನಾಲಗೆಯಿರುವ ಪೆನ್ನಿಗೆ. ಉಳಿದ ಭಾಗಗಳು, ಅಂದರೆ ಮೈ, ಮುಚ್ಚಳ, ಜೇಬಿನ ಕ್ಲಿಪ್ಪು, ಬಣ್ಣ, ಎಲ್ಲವೂ ಕಣ್ಣಿಗೆ ಮತ್ತು ಕೈಗೆ. ಬರವಣಿಗೆಗೆ ಬೇಕಾದ್ದು ನಿಬ್ಬು, ನಾಲಗೆ, ಶಾಯಿ, ಕಾಗದ ಈ ನಾಲ್ಕೇ.

ಬರೆಯುವ ಸಾಮಗ್ರಿಯ ಕನ್ನಡ ಹೆಸರುಗಳಲ್ಲಿ ಹಲವು ಪಶ್ಚಿಮದ ಕಡಲಾಚೆಯವು. ಕಾಗದ, ಶಾಯಿ ಎರಡೂ ಪಾರಸಿಯವು. ಉತ್ತರ ಕರ್ನಾಟಕದ ದೌತಿ, ಅಂದರೆ ಶಾಯಿಕುಡಿಕೆ, ಅರಬ್ಬಿಯ ದವಾತ್. ಕಲಂ ಕೂಡ ಅರಬ್ಬಿಯದೇ. ಕನ್ನಡದಲ್ಲಿ ಅದು ಕಾಯಿದೆಯ ಕಲಮೂ ಆಗಿದೆ. ಅರಬ್ಬಿ ನಾಡಾದ ಬಹರೇನಿನ ರಾಜಧಾನಿ ಮನಾಮಾದ ಸೆಗಯಾ ಬಡಾವಣೆಯಲ್ಲಿ ಸ್ಟೇಷನರಿ ಅಂಗಡಿ ಹೊಕ್ಕ ಕನ್ನಡಿಗರು ಕಲಂ ಎಂದು ಕೇಳಿದರೆ ಅರಬ್ಬಿ ಬಲ್ಲ ಅಂಗಡಿಯವನಿಗೆ ಅರ್ಥವಾಗುತ್ತದೆ. ಯಾವ ಕಲಂ ಎಂದು ಅವನು ಮರುಪ್ರಶ್ನೆ ಹಾಕಿದಾಗಲೇ ತೊಡಕು ಶುರು.

ಏಕೆಂದರೆ ಪೆನ್ನಿನ ಪೆಟ್ಟಿಗೆಯ ಮೇಲಿನ ಗುಣಗಾನವೆಲ್ಲ ರೋಮನ್ ಲಿಪಿಯನ್ನು, ಅದರಲ್ಲೂ ಕೂಡುಬರಹವನ್ನು, ನೆನೆದು ಬರೆದದ್ದು. ಇಂಗ್ಲಿಷ್ ಕೂಡುಬರಹದಲ್ಲಿ ಪದ ಮುಗಿಯುವವರೆಗೆ ನಿಬ್ಬು ಕಾಗದ ಬಿಟ್ಟು ಏಳುವುದು ಅಪರೂಪ. ಕನ್ನಡದಲ್ಲಿ ಅಕ್ಷರ ಅಕ್ಷರಕ್ಕೂ ಏಳುತ್ತದೆ; ತಲೆಕಟ್ಟಿಗೆ ಒಮ್ಮೆ, ಒತ್ತಿಗೆ ಒಮ್ಮೆ, ದೀರ್ಘಕ್ಕೆ ಮತ್ತೊಮ್ಮೆ. ಒಂದು ಪುಟ ಮುಗಿಯುವಷ್ಟರಲ್ಲಿ ನಿಬ್ಬು ನೂರಾರು ಸಲ ಎದ್ದು ಕೂತಿರುತ್ತದೆ. ಪ್ರತಿ ಸಲ ಕೂತಾಗಲೂ ಶಾಯಿ ತಕ್ಷಣ ಇಳಿಯಬೇಕು. ಮೊದಲ ಅರ್ಧ ಮಿಲಿಮೀಟರ್ ಬಿಳಿ ಬಿಟ್ಟು ಬರೆಯತೊಡಗುವ ನಿಬ್ಬು ಇಂಗ್ಲಿಷಿನಲ್ಲಿ ಪದಕ್ಕೊಂದು ತಪ್ಪು ಮಾಡಿದರೆ ಕನ್ನಡದಲ್ಲಿ ಅಕ್ಷರಕ್ಕೆರಡು ಮಾಡುತ್ತದೆ.

ಇನ್ನೊಂದು ಸಂಗತಿ ತಿರುವಿನದು. ಕನ್ನಡ ಅಕ್ಷರಗಳು ದುಂಡಗಾದದ್ದು ತಾಳೆಗರಿಯ ಕಾಲದಲ್ಲಿ, ಕಬ್ಬಿಣದ ಕಂಟ ನೇರ ಎಳೆದರೆ ಗರಿ ಸೀಳುತ್ತಿದ್ದುದರಿಂದ, ಎಂಬ ವಿವರಣೆ ಪ್ರಚಲಿತವಾಗಿದೆ. ಕಾರಣ ಏನೇ ಇರಲಿ, ಣ, ಖ, ಇ ಬರೆಯುವಾಗ ನಿಬ್ಬು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಎಲ್ಲ ದಿಕ್ಕಿಗೂ ಸುತ್ತಬೇಕು. ಕೆಳಗೆ ಎಳೆಯುವಾಗ ಯಾವ ನಿಬ್ಬಾದರೂ ನುಣ್ಣಗೇ ಓಡುತ್ತದೆ. ಅದರ ಬಣ್ಣ ಬಯಲಾಗುವುದು ಮೇಲಕ್ಕೆ ತಳ್ಳುವಾಗ. ತಲೆಕಟ್ಟಿನ ಕೊನೆಯ ಆ ಚಿಕ್ಕ ಏರುಗೆರೆಯೇ ಸಾಕು, ನಿಬ್ಬಿನ ಯೋಗ್ಯತೆ ಗೊತ್ತಾಗುತ್ತದೆ.

ಹೀಗಾಗಿ ದಪ್ಪ ಎಷ್ಟಿರಬೇಕು ಎಂಬುದನ್ನೂ ಅಕ್ಷರವೇ ಹೇಳಬೇಕು. ರ ಮತ್ತು ಠ ನಡುವಿನ ವ್ಯತ್ಯಾಸ ಒಂದು ಚುಕ್ಕೆ. ಪ ಮತ್ತು ಫ, ಬ ಮತ್ತು ಭ, ಡ ಮತ್ತು ಢ ನಡುವೆ ಇರುವುದು ಅಡಿಯಲ್ಲೊಂದು ಗಿಡ್ಡ ಸೀಳುಗೆರೆ. ದಪ್ಪ ನಿಬ್ಬಿನಲ್ಲಿ ಈ ಚುಕ್ಕೆ, ಗೆರೆಗಳು ಮಸಿಯಲ್ಲಿ ಮುಳುಗುತ್ತವೆ. ಪೀಠ ಎಂದು ಬರೆದದ್ದು ಕರಿಗುಂಡಾಗಿ ಕೂರುತ್ತದೆ. ಎಂಟು ಮಿಲಿಮೀಟರ್ ಅಂತರದ ಗೆರೆ ಪುಸ್ತಕದಲ್ಲಿ ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು, ಮೂರೂ ಹಿಡಿಸಬೇಕು. ರಾಷ್ಟ್ರ, ಜ್ಯೋತ್ಸ್ನೆ ಬಂದರೆ ಒತ್ತಿನ ಕೆಳಗೂ ಒತ್ತು. ಇಷ್ಟೆಲ್ಲಕ್ಕೆ ಗೆರೆಯ ದಪ್ಪ ಸುಮಾರು 0.4ರಿಂದ 0.5 ಮಿಲಿಮೀಟರ್ ಇದ್ದರೆ ಹಿತ.

ನಿಬ್ಬಿನ ಮೇಲೆ ಕೊರೆದಿರುವ ಇಎಫ್ (ಅತಿ ಸಪೂರ), ಎಫ್ (ಸಪೂರ), ಎಂ (ಮಧ್ಯಮ), ಬಿ (ದಪ್ಪ) ಎಂಬ ಗುರುತುಗಳನ್ನು ಅಳತೆಪಟ್ಟಿಯೆಂದು ನಂಬಬಾರದು. ಅವು ಕಂಪನಿಯಿಂದ ಕಂಪನಿಗೆ ಬೇರೆ. ಜಪಾನಿನ ಪೈಲಟ್, ಪ್ಲಾಟಿನಂ ಕಂಪನಿಗಳ ಎಫ್ ಬಹುಮಟ್ಟಿಗೆ ಯುರೋಪಿನ ಇಎಫ್‌ಗೆ ಸಮ, ಕೆಲವೊಮ್ಮೆ ಅದಕ್ಕಿಂತ ಸಪೂರ. ಒಂದೇ ಚೌಕದೊಳಗೆ ಹತ್ತಿಪ್ಪತ್ತು ಗೆರೆ ತುಂಬಬೇಕಾದ ಕಾಂಜಿ ಲಿಪಿಯವರಿಗೆ ಬೇರೆ ದಾರಿಯಿಲ್ಲ. ಈ ವಿಷಯದಲ್ಲಿ ಕನ್ನಡಿಗರಿಗೆ ಹತ್ತಿರದ ನೆಂಟರು ಜಪಾನಿಯರೇ ಹೊರತು ಜರ್ಮನರಲ್ಲ. ಜಪಾನಿ ಪೆನ್ನಾದರೆ ಎಫ್ ಅಥವಾ ಎಂ, ಜರ್ಮನಿಯದಾದರೆ ಇಎಫ್ ಅಥವಾ ಎಫ್ ಎಂದಿಟ್ಟುಕೊಂಡರೆ ತಪ್ಪುವುದು ಕಡಿಮೆ.

ಅರಬ್ಬಿ ಲಿಪಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮನಾಮಾದ ಹೂರಾದಲ್ಲಿ 1990ರಲ್ಲಿ ತೆರೆದ ಬೈತ್ ಅಲ್ ಕುರಾನ್ ಸಂಗ್ರಹಾಲಯದ ಹಸ್ತಪ್ರತಿಗಳಲ್ಲಿ ಒಂದೇ ಅಕ್ಷರ ಒಂದು ಕಡೆ ದಪ್ಪ, ಒಂದು ಕಡೆ ಎಳೆಯಷ್ಟು ಸಪೂರ. ಓರೆಯಾಗಿ ಕತ್ತರಿಸಿದ ಜೊಂಡಿನ ಕಲಮಿನ ಗುಣ ಅದು. ಅಡ್ಡಗೆರೆ ದಪ್ಪಗೆ, ಉದ್ದಗೆರೆ ತೆಳ್ಳಗೆ ಬರುವಂತೆ ಅರೆದ ಆರ್ಕಿಟೆಕ್ಟ್ ನಿಬ್ಬುಗಳೂ ಫೌಂಟನ್ ಪೆನ್ನಿಗೆ ಸಿಗುತ್ತವೆ. ಅರಬ್ಬಿಗೆ ಅವು ಒಗ್ಗುತ್ತವೆ. ಕಂಟದಿಂದ ಗೀರಿದ ಕನ್ನಡದ ಗೆರೆ ಆದಿಯಿಂದಲೂ ಒಂದೇ ದಪ್ಪದ್ದು. ಆದ್ದರಿಂದ ದುಂಡು ತುದಿಯ ನಿಬ್ಬೇ ಅದಕ್ಕೆ ಸಹಜ. ಚಪ್ಪಟೆ ತುದಿಯ ಸ್ಟಬ್ ನಿಬ್ಬನ್ನು ಲಗ್ನಪತ್ರಿಕೆಯ ವಿಳಾಸಕ್ಕೋ ಪುಸ್ತಕದ ಮೊದಲ ಹಾಳೆಯ ಹೆಸರಿಗೋ ಇಟ್ಟುಕೊಳ್ಳಬಹುದು.

ಚಿನ್ನದ ನಿಬ್ಬಿನ ಮೋಹದ ಬಗ್ಗೆಯೂ ಹೇಳಬೇಕು. ಹದಿನಾಲ್ಕು ಕ್ಯಾರೆಟ್ ನಿಬ್ಬಿನಲ್ಲಿ ಶೇಕಡ 58.5ರಷ್ಟು ಚಿನ್ನವಿರುತ್ತದೆ. ಆದರೆ ಕಾಗದವನ್ನು ಮುಟ್ಟುವುದು ಚಿನ್ನವಲ್ಲ. ತುದಿಗೆ ಬೆಸೆದ ಗಟ್ಟಿ ಮಿಶ್ರಲೋಹದ ಮಣಿ. ಇರಿಡಿಯಂ ಎಂಬ ಹಳೆಯ ಹೆಸರು ಅದಕ್ಕೆ ಉಳಿದುಕೊಂಡಿದೆ. ಒಳ್ಳೆಯ ಸ್ಟೀಲ್ ನಿಬ್ಬಿನ ತುದಿಯಲ್ಲೂ ಅಂಥದೇ ಮಣಿ. ನುಣುಪು ಬರುವುದು ಮಣಿಯನ್ನು ಅರೆದ ಕೈಯಿಂದ. ಚಿನ್ನ ಕೊಡುವುದು ತುಸು ಬಳುಕು ಮತ್ತು ತುಕ್ಕಿಲ್ಲದ ಆಯುಷ್ಯ. ಮೊದಲ ಪೆನ್ನಿಗೆ ಅಷ್ಟು ಹಣ ಸುರಿಯುವುದು ವ್ಯರ್ಥ.

ಕಲಿಯುವವರಿಗೆ ಹೊಂದುವ ಪೆನ್ನುಗಳು ಕೆಲವಿವೆ. 1980ರಲ್ಲಿ ಬಂದ ಜರ್ಮನಿಯ ಲಾಮಿ ಸಫಾರಿಯ ಹಿಡಿಕೆಯಲ್ಲಿ ಬೆರಳಿಗೆ ತಗ್ಗುಗಳಿವೆ; ಬಾಲ್‌ಪೆನ್ನಿಗೆ ಒಗ್ಗಿದ ಕೈಗೆ ನಿಬ್ಬನ್ನು ನೆಟ್ಟಗಿಡಲು ಅದು ಕಲಿಸುತ್ತದೆ, ಹಿಡಿತ ಬೇರೆ ಇದ್ದವರಿಗೆ ಕಾಟವನ್ನೂ ಕೊಡುತ್ತದೆ. ಚೀನಾದ ಹೀರೋ ಪೆನ್ನು ಕರ್ನಾಟಕದ ಎರಡು ತಲೆಮಾರಿಗೆ ಪರಿಚಿತ. 1941ರ ಪಾರ್ಕರ್ 51ರ ಮಾದರಿಯಲ್ಲಿ ಅದರ ನಿಬ್ಬು ಮುಸುಕಿನೊಳಗಿದ್ದು ತುದಿ ಮಾತ್ರ ಹಣಕುತ್ತದೆ. ಹಾಗಾಗಿ ಶಾಯಿ ಬೇಗ ಒಣಗುವುದಿಲ್ಲ. ದಿನವಿಡೀ ಏಸಿ ಓಡುವ ಮನೆಯಲ್ಲಿ ಇದು ಸಣ್ಣ ಲಾಭವಲ್ಲ. ಪ್ಲಾಟಿನಂ ಕಂಪನಿಯ ಅಗ್ಗದ ಪ್ರೆಪಿ ಪೆನ್ನಿನಲ್ಲೂ ಮುಚ್ಚಳದೊಳಗೆ ಸ್ಪ್ರಿಂಗಿನ ಒಳಮುಚ್ಚಳವಿದ್ದು, ವಾರಗಟ್ಟಲೆ ಬಿಟ್ಟರೂ ಮೊದಲ ಗೆರೆಗೇ ಬರೆಯುತ್ತದೆ. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಪೆನ್ನಿನ ರುಚಿ ಹತ್ತಿದವರು ರಾಜಮಹೇಂದ್ರವರಂನ ರತ್ನಂ ಹೆಸರನ್ನು ಕೇಳಿಯೇ ಇರುತ್ತಾರೆ. ಗಾಂಧೀಜಿಯ ಸ್ವದೇಶಿ ಕರೆಗೆ ಓಗೊಟ್ಟು ಕೆ. ವಿ. ರತ್ನಂ 1930ರ ದಶಕದಲ್ಲಿ ಕೈಯಿಂದ ಕಡೆದು ಮಾಡತೊಡಗಿದ ಪೆನ್ನುಗಳಿವು. ಮೈಯೊಳಗೇ ಶಾಯಿ ಸುರಿದು ತುಂಬಿಸುವ ಈ ಬಗೆಯಲ್ಲಿ ಶಾಯಿ ಹೆಚ್ಚು ಹಿಡಿಯುತ್ತದೆ. ಆದರೆ ಅರ್ಧಕ್ಕಿಂತ ಕಡಿಮೆಯಾದಾಗ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ತೊಟ್ಟಿಕ್ಕುವ ಚಾಳಿಯೂ ಇದೆ. ಮೊದಲಿಗೆ ಶಾಯಿ ಎಳೆದುಕೊಳ್ಳುವ ಕನ್ವರ್ಟರ್ ಕೊಳವೆ ಇರುವ ಪೆನ್ನೇ ಸುಲಭ.

ಶಾಯಿ ನೀರಿನಂತಿರಬೇಕು. ಬೆಂಗಳೂರಿನ ಬ್ರಿಲ್, ಮುಂಬಯಿಯ ಕ್ಯಾಮ್ಲಿನ್, ಕೋಲ್ಕತ್ತಾದ ಸುಲೇಖಾ, ಪಾರ್ಕರ್ ಕ್ವಿಂಕ್, ಯಾವುದಾದರೂ ಆದೀತು; ರಾಯಲ್ ಬ್ಲೂ ಎಲ್ಲಕ್ಕಿಂತ ನಿರಪಾಯ. ಚಿತ್ರ ಬರೆಯುವ ಇಂಡಿಯನ್ ಇಂಕ್ ಮಾತ್ರ ಬೇಡವೇ ಬೇಡ. ಅದರೊಳಗಿನ ಅರಗು ನಾಲಗೆಯಲ್ಲಿ ಒಣಗಿದರೆ ಪೆನ್ನು ಮುಗಿದಂತೆ. ಇನ್ನು ಕಾಗದ: ಶಾಯಿ ಬೇರು ಬಿಟ್ಟಂತೆ ಹರಡಿದರೆ, ಹಿಂಬದಿಗೆ ಇಳಿದರೆ, ತಪ್ಪು ನಿಬ್ಬಿನದಲ್ಲ. ಎಷ್ಟೋ ಒಳ್ಳೆಯ ನಿಬ್ಬುಗಳು ಕೆಟ್ಟ ನೋಟ್‌ಬುಕ್ಕಿನ ಪಾಪ ಹೊತ್ತು ಮೂಲೆ ಸೇರಿವೆ.

ನಿಬ್ಬನ್ನು ಹದಕ್ಕೆ ತರುವ ಕೆಲಸಕ್ಕೆ ಒಂದು ಕ್ರಮವಿದೆ. ಮರಳಿಸಬಹುದಾದದ್ದು ಮೊದಲು, ಮರಳಿಸಲಾಗದ್ದು ಕೊನೆಗೆ. ಮೊಟ್ಟಮೊದಲು ತೊಳೆಯುವುದು. ಹೊಸ ಪೆನ್ನಿನ ನಾಲಗೆಯಲ್ಲಿ ಕಾರ್ಖಾನೆಯ ಜಿಡ್ಡು ಉಳಿದಿರಬಹುದು. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರನ್ನು ಕನ್ವರ್ಟರಿನಿಂದ ಹತ್ತಾರು ಸಲ ಎಳೆದು ಬಿಟ್ಟು, ಬರಿ ನೀರಿನಲ್ಲಿ ಜಾಲಿಸಬೇಕು. ನೀರು ತಣ್ಣಗಿರಬೇಕು. ಬಹರೇನಿನ ಜುಲೈ, ಆಗಸ್ಟಿನಲ್ಲಿ ಚಾವಣಿಯ ಟ್ಯಾಂಕು ಕಾದು ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ ಬರುವುದರಿಂದ, ಬಕೆಟ್ಟಿನಲ್ಲಿ ಹಿಡಿದು ಆರಿಸಿಟ್ಟ ನೀರು ಒಳ್ಳೆಯದು. ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಆಮೇಲೆ ಕೈ. ಬಾಲ್‌ಪೆನ್ನನ್ನು ಒತ್ತಿದ ಅಭ್ಯಾಸ ಬಿಡಬೇಕು. ಪೆನ್ನು ಕಾಗದಕ್ಕೆ 45 ಡಿಗ್ರಿ ಆಸುಪಾಸಿನಲ್ಲಿ ಒರಗಿ, ತನ್ನ ಭಾರದಿಂದಲೇ ಬರೆಯಬೇಕು. ಸೀಳು ಆಕಾಶ ನೋಡುತ್ತಿರಬೇಕು. ಎಡಗೈಯವರಿಗೆ ಕನ್ನಡದಲ್ಲಿ ಹಸಿ ಅಕ್ಷರದ ಮೇಲೆ ಕೈ ಹರಿಯುವ ತೊಂದರೆಯಿದೆ. ಬಲದಿಂದ ಎಡಕ್ಕೆ ಸಾಗುವ ಅರಬ್ಬಿಯಲ್ಲಿ ಅದೇ ತೊಂದರೆ ಬಲಗೈಯವರಿಗೆ. ಎರಡೂ ಲಿಪಿ ಕಲಿಯುವ ಮಗುವಿಗೆ ಸಪೂರ ನಿಬ್ಬು, ಬೇಗ ಒಣಗುವ ಶಾಯಿ ಕೊಟ್ಟರೆ ಅಂಗಿಯ ತೋಳು ಉಳಿಯುತ್ತದೆ.

ಇಷ್ಟಾದರೂ ಗೀಚಿದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬೇಕು; ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು. ನಿಬ್ಬನ್ನು ಎದುರಿನಿಂದ ನೋಡಿದಾಗ ಮಣಿಯ ಎರಡು ಹೋಳು ಒಂದೇ ಮಟ್ಟದಲ್ಲಿರಬೇಕು. ಒಂದು ತಗ್ಗಿದ್ದರೆ ಅದೇ ಕಾಗದವನ್ನು ಕೆರೆಯುವುದು. ತಗ್ಗಿದ ಕವಲನ್ನು ಉಗುರಿನಿಂದ ಮೆಲ್ಲಗೆ ಮೇಲಕ್ಕೊತ್ತಿ, ಬಿಟ್ಟು, ಮತ್ತೆ ನೋಡಬೇಕು. ಒಂದೇ ಸಲಕ್ಕೆ ಸರಿಯಾಗಬೇಕೆಂಬ ಆತುರ ನಿಬ್ಬಿಗೆ ಕುತ್ತು. ಗೀಚು ನಿಬ್ಬುಗಳಲ್ಲಿ ಹೆಚ್ಚಿನವಕ್ಕೆ ಇದಕ್ಕಿಂತ ಬೇರೆ ಔಷಧ ಬೇಕಾಗುವುದಿಲ್ಲ.

ಗೆರೆ ಒಣಕಲಾಗಿ, ಮಂಕಾಗಿ ಬರುತ್ತಿದ್ದರೆ ಸೀಳನ್ನು ಬೆಳಕಿಗೆ ಹಿಡಿಯಬೇಕು. ಸೀಳಿನ ಬುಡದ ಉಸಿರುರಂಧ್ರದಿಂದ ತುದಿಯತ್ತ ಕಿರಿದಾಗುತ್ತ ಹೋಗುವ ಬೆಳಕಿನ ಎಳೆ ಕಾಣಬೇಕು. ಅರ್ಧದಲ್ಲೇ ಮುಚ್ಚಿಹೋಗಿದ್ದರೆ ಬಿಗಿ ಹೆಚ್ಚಾಗಿದೆ. ಹಿಂದೆ ಶಾಲೆಯ ಹುಡುಗರು ಇದಕ್ಕೆ ಬ್ಲೇಡು ತೂರಿಸುತ್ತಿದ್ದರು. ಬ್ಲೇಡಿನ ಉಕ್ಕು ಸೀಳಿನ ಒಳಗೋಡೆಯನ್ನು ಗೀರುತ್ತದೆ. 0.05 ಮಿಲಿಮೀಟರಿನ ಹಿತ್ತಾಳೆ ತಗಡಾದರೆ ಮೆತ್ತಗೆ. ಅದನ್ನು ಸೀಳಿನಲ್ಲಿ ನಾಲ್ಕು ಸಲ ಆಡಿಸಿ ಬರೆದು ನೋಡಿದರೆ ಗೆರೆ ತುಂಬಿಕೊಂಡಿರುತ್ತದೆ.

ಕನ್ನಡ ಬರೆಯುವವರನ್ನು ಹೆಚ್ಚು ಕಾಡುವ ದೋಷ ಮಾತ್ರ ಬೇರೆ. ಕೈಗೆ ಬೆಣ್ಣೆಯಂತೆ ನುಣುಪು, ಆದರೆ ಅಕ್ಷರದ ಮೊದಲ ಚೂರು ಬೀಳುವುದಿಲ್ಲ. ಮಣಿಯನ್ನು ಅತಿಯಾಗಿ ಉಜ್ಜಿದ್ದರಿಂದ ಸೀಳಿನ ಒಳ ಅಂಚುಗಳು ದುಂಡಗಾಗಿ, ಶಾಯಿ ಆ ತಗ್ಗಿನಲ್ಲೇ ನಿಂತು ಕಾಗದಕ್ಕೆ ಎಟಕುವುದಿಲ್ಲ. ಮಗುವಿನ ಕುಂಡಿಯ ಆಕಾರವೆಂದು ವಿದೇಶಿ ಪೆನ್ನುಪ್ರಿಯರು ಇದಕ್ಕೆ ಹೆಸರಿಟ್ಟಿದ್ದಾರೆ. ಮೈಕ್ರೋಮೆಶ್ ಎಂಬ ಅತಿ ನುಣ್ಣನೆಯ ಉಜ್ಜುಹಾಳೆಯ ಮೇಲೆ, ನಿಬ್ಬಿನಲ್ಲಿ ಶಾಯಿ ಇರುವಾಗಲೇ, ಭಾರ ಹಾಕದೆ 8ರ ಅಂಕಿ ಐದಾರು ಸಲ ತಿದ್ದಿ, ಕಾಗದದ ಮೇಲೆ ಪರೀಕ್ಷಿಸಿ, ಬೇಕಾದರೆ ಮತ್ತೆ ತಿದ್ದಬೇಕು. ಸವೆದ ಮಣಿ ಮರಳಿ ಬೆಳೆಯದು. ಆದ್ದರಿಂದ ಮೊದಲ ಪ್ರಯೋಗ ಅಗ್ಗದ ಪೆನ್ನಿನ ಮೇಲಾಗಲಿ. ಪರೀಕ್ಷೆಗೆ ಪೀಠ, ಫಣಿ, ಋಣ, ರಾಷ್ಟ್ರ, ಈಶ್ವರ ಎಂಬ ಐದು ಪದ ಸಾಕು. ಚುಕ್ಕೆ, ಸೀಳುಗೆರೆ, ಸುತ್ತು, ಒತ್ತು, ತಲೆಕಟ್ಟು ಎಲ್ಲ ಅದರಲ್ಲೇ ಬಂದವು. ಪಳಗಿದ ಕಣ್ಣು ಪದವನ್ನು ಓದುವುದಿಲ್ಲ, ಪ್ರತಿ ಗೆರೆಯ ಮೊದಲ ಬಿಂದುವನ್ನು ನೋಡುತ್ತದೆ. ಪಳಗಿದ ಕಿವಿ ನಿಬ್ಬಿನ ಸದ್ದು ಏರುಗೆರೆಯಲ್ಲಿ ಬದಲಾಯಿತೇ ಎಂದು ಕೇಳುತ್ತದೆ.

ಬಳಕೆಯ ಪೆನ್ನನ್ನು ತಿಂಗಳಿಗೊಮ್ಮೆ ತೊಳೆಯುವುದು ವಾಡಿಕೆ. ಕಾರಿನಲ್ಲಿ ಬಿಡಬಾರದು. ಕೊಲ್ಲಿಯ ಬಿಸಿಲಿಗೆ ಶಾಯಿ ಬತ್ತಿ ಪುಡಿಯಾಗುವುದಲ್ಲದೆ ಕರಿ ಎಬೊನೈಟ್ ಕ್ರಮೇಣ ಕಂದುಬಣ್ಣಕ್ಕೆ ತಿರುಗುತ್ತದೆ. ಬಹರೇನಿನಿಂದ ಊರಿಗೆ ಹೊರಟಾಗ ವಿಮಾನದಲ್ಲಿ ಪೆನ್ನು ಪೂರ್ತಿ ತುಂಬಿರಬೇಕು, ಇಲ್ಲವೇ ಪೂರ್ತಿ ಖಾಲಿ. ಮೇಲೇರಿದಾಗ ಕ್ಯಾಬಿನ್ನಿನ ಗಾಳಿಯ ಒತ್ತಡ ನೆಲದ ಮಟ್ಟದ ಮುಕ್ಕಾಲಿಗೆ ಇಳಿಯುವುದರಿಂದ ಅರೆತುಂಬಿದ ಪೆನ್ನಿನೊಳಗಿನ ಗಾಳಿ ಹಿಗ್ಗಿ ಶಾಯಿಯನ್ನು ಹೊರದಬ್ಬುತ್ತದೆ. ನಿಬ್ಬು ಮೇಲ್ಮುಖವಾಗಿ ಜೇಬಿನಲ್ಲಿರಲಿ. ಸಮುದ್ರಮಟ್ಟದ ಮನಾಮಾದಲ್ಲಿ ಮುಚ್ಚಿದ ಪೆನ್ನನ್ನು ಮಂಗಳೂರಿನಲ್ಲಿ ಇಳಿದು ತೆರೆದರೆ ಒತ್ತಡ ಹೆಚ್ಚುಕಡಿಮೆ ಸಮ. ಬೆಂಗಳೂರಿನಲ್ಲಿ ಇಳಿದವರು ಮಾತ್ರ ಸುಮಾರು 900 ಮೀಟರ್ ಎತ್ತರದಲ್ಲಿರುತ್ತಾರೆ. ಅಲ್ಲಿ ಮುಚ್ಚಳ ತೆಗೆಯುವ ಮೊದಲು ಕೈಯಲ್ಲೊಂದು ಹಳೆಯ ಬಟ್ಟೆಯ ಚೂರಿರುವುದು ಕ್ಷೇಮ.