ಶರೀಫರ ಹೆಸರಿಗೆ ಜಾಗವಿಲ್ಲದ ಪೆಟ್ಟಿಗೆ

ಹಾಡು ಕೇಳುವುದು ಬೇರೆ, ಹಾಡನ್ನು ಇಟ್ಟುಕೊಳ್ಳುವುದು ಬೇರೆ. ಕೇಳುವುದಕ್ಕೆ ಇಂದು ಕೈಯಲ್ಲಿರುವ ಮೊಬೈಲ್ ಸಾಕು. ಬೇಕಾದ ಹಾಡು ಎಲ್ಲಿಂದಲೋ ಹರಿದು ಬರುತ್ತದೆ. ಹಾಗೆ ಹರಿದು ಬರುವುದು ಒಂದು ದಿನ ನಿಂತೂ ಹೋಗುತ್ತದೆ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಬಾಗಿಲು ಹಾಕಿತು, ಏರ್‌ಟೆಲ್‌ನ ವಿಂಕ್ 2024ರಲ್ಲಿ. ಅವುಗಳನ್ನೇ ನಂಬಿದ್ದವರು ಹೊಸ ಮನೆ ಹುಡುಕಬೇಕಾಯಿತು. ಹೀಗಿರುವಾಗ ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದು, ಸಿಡಿಯಿಂದ ನಕಲು ಮಾಡಿಕೊಂಡದ್ದು, ಹಣ ಕೊಟ್ಟು ಕೊಂಡದ್ದು ಎಂದು ಕೆಲವು ಸಾವಿರ ಫೈಲುಗಳನ್ನು ಮನೆಯ ಕಂಪ್ಯೂಟರಿನಲ್ಲಿ ಕಾಪಾಡಿಕೊಂಡು ಬಂದವರನ್ನು ಹಳೆಯ ಕಾಲದವರೆಂದು ನಗುವಂತಿಲ್ಲ. ಅವರ ಮುಂದಿರುವ ಪ್ರಶ್ನೆ ಒಂದೇ: ಈ ಸಂಗ್ರಹವನ್ನು ಯಾವ ಮೀಡಿಯಾ ಪ್ಲೇಯರಿನ ಕೈಗೆ ಒಪ್ಪಿಸಬೇಕು?

ಸಾಮಾನ್ಯವಾಗಿ ನಾವು ಈ ಆಯ್ಕೆಯನ್ನು ಎರಡು ಕಾರಣಗಳಿಂದ ಮಾಡುತ್ತೇವೆ: ಯಾವುದು ಚೆನ್ನಾಗಿ ಕಾಣುತ್ತದೆ, ಯಾವುದರ ಧ್ವನಿ ಚೆನ್ನಾಗಿದೆ. ಎರಡನೆಯದರ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಈಕ್ವಲೈಸರ್ ಮುಂತಾದ ಅಲಂಕಾರಗಳನ್ನು ತೆಗೆದಿಟ್ಟರೆ ಒಂದೇ ಎಂಪಿ3 ಫೈಲು ಬೇರೆ ಬೇರೆ ಪ್ಲೇಯರುಗಳಲ್ಲಿ ಕಿವಿಗೆ ಒಂದೇ ರೀತಿ ಕೇಳುತ್ತದೆ. ನಿಜವಾದ ವ್ಯತ್ಯಾಸ ಇರುವುದು ಹೆಸರುಗಳಲ್ಲಿ. ಒಂದು ಹಾಡಿನ ಬಗ್ಗೆ ಏನೇನು ಬರೆದಿಡಬಹುದು, ಬರೆದದ್ದು ಎಲ್ಲಿ ಉಳಿಯುತ್ತದೆ, ನಾಳೆ ಅದನ್ನು ಹುಡುಕಿದರೆ ಸಿಗುತ್ತದೆಯೇ? ಪ್ಲೇಯರಿನ ಯೋಗ್ಯತೆಯನ್ನು ಅಳೆಯಬೇಕಾದದ್ದು ಇಲ್ಲಿ.

ಸಿ. ಅಶ್ವಥ್ ಹಾಡಿದ ಶಿಶುನಾಳ ಶರೀಫರ ತತ್ವಪದವೊಂದನ್ನು ತೆಗೆದುಕೊಳ್ಳೋಣ. ಯಾವುದೇ ಪ್ಲೇಯರು ಕಲಾವಿದ ಎಂಬ ಕಾಲಮಿನಲ್ಲಿ ಅಶ್ವಥ್ ಹೆಸರನ್ನು ತೋರಿಸುತ್ತದೆ. ಸರಿಯೇ. ಶಿವಮೊಗ್ಗ ಸುಬ್ಬಣ್ಣ ಹಾಡಿದ ಶರೀಫರ ಪದ ಸುಬ್ಬಣ್ಣನವರ ಹೆಸರಿನ ಕೆಳಗೆ ಹೋಗಿ ಕೂರುತ್ತದೆ. ಅದೂ ಸರಿಯೇ. ಆದರೆ ಶರೀಫರೆಲ್ಲಿ? ಪದ ಕಟ್ಟಿದ ಶರೀಫರ ಹೆಸರು ಹಾಡಿನ ಶೀರ್ಷಿಕೆಯಲ್ಲಾಗಲಿ ಆಲ್ಬಮ್ಮಿನಲ್ಲಾಗಲಿ ಇಲ್ಲದಿದ್ದರೆ, ಅವರನ್ನು ಹುಡುಕಿದಾಗ ಪ್ಲೇಯರು ಖಾಲಿ ಪರದೆ ತೋರಿಸುತ್ತದೆ. ಮನೆಯಲ್ಲಿ ಅವರ ಮೂವತ್ತು ಪದಗಳಿದ್ದರೂ ಪೆಟ್ಟಿಗೆಯ ಲೆಕ್ಕದಲ್ಲಿ ಅವರು ಇಲ್ಲ. ಗುರು ಗೋವಿಂದಭಟ್ಟರ ಶಿಷ್ಯರಾಗಿ, ಎರಡೂ ಸಮುದಾಯಗಳ ಬಾಯಲ್ಲಿ ಉಳಿದುಬಂದ ಕವಿಯೊಬ್ಬರು ನಮ್ಮದೇ ಸಂಗ್ರಹದಲ್ಲಿ ಹೀಗೆ ಮಾಯವಾಗುವುದು ಸಣ್ಣ ವಿಷಯವಲ್ಲ. ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿ ಇವರ ಭಾವಗೀತೆಗಳಿಗೂ ಇದೇ ಗತಿ. ಸುಗಮ ಸಂಗೀತ ನಿಂತಿರುವುದೇ ಕವಿಯ ಮೇಲೆ. ಪೆಟ್ಟಿಗೆಗೆ ಕವಿಯೇ ಬೇಡ.

ಇದು ಹೇಗಾಯಿತು ಎಂಬುದಕ್ಕೆ ಒಂದು ಚರಿತ್ರೆಯಿದೆ. 1996ರಲ್ಲಿ ಎರಿಕ್ ಕೆಂಪ್ ಎಂಬವರು ಎಂಪಿ3 ಫೈಲಿನ ಬಾಲಕ್ಕೆ 128 ಬೈಟುಗಳ ಒಂದು ಚೀಟಿ ಅಂಟಿಸುವ ಉಪಾಯ ಮಾಡಿದರು. ಅದೇ ಐಡಿ3. ಹಾಡಿನ ಹೆಸರಿಗೆ 30 ಬೈಟು, ಕಲಾವಿದರಿಗೆ 30, ಆಲ್ಬಮ್ಮಿಗೆ 30, ಇಸವಿಗೆ 4, ಟಿಪ್ಪಣಿಗೆ 30, ಕೊನೆಗೆ ಸಂಗೀತದ ಪ್ರಕಾರ ಸೂಚಿಸಲು ಒಂದು ಸಂಖ್ಯೆ. ಪ್ರಕಾರಗಳ ಮೊದಲ ಪಟ್ಟಿಯಲ್ಲಿ 80 ಹೆಸರುಗಳಿದ್ದವು. ಅದರಲ್ಲಿ ಪೋಲ್ಕಾ ಇದೆ, ಡೆತ್ ಮೆಟಲ್ ಇದೆ, ಕ್ರಿಶ್ಚಿಯನ್ ರ‍್ಯಾಪ್ ಕೂಡ ಇದೆ. ಹಿಂದೂಸ್ತಾನಿ ಇಲ್ಲ, ಕರ್ನಾಟಕ ಸಂಗೀತ ಇಲ್ಲ, ಕವ್ವಾಲಿ ಇಲ್ಲ. ನಮ್ಮಂಥವರ ಪಾಲಿಗೆ 'ಎಥ್ನಿಕ್' ಎಂಬ ಒಂದೇ ಗೋಣಿಚೀಲ. ಖಯಾಲೂ ಅದರೊಳಗೆ, ಡೊಳ್ಳಿನ ಪದವೂ ಅದರೊಳಗೆ. ಅದನ್ನು ಮಾಡಿದವರ ಮೇಲೆ ದುರುದ್ದೇಶ ಹೊರಿಸುವುದು ಅನ್ಯಾಯ. ತಮ್ಮ ಕಪಾಟಿನಲ್ಲಿದ್ದುದಕ್ಕೆ ಅವರು ಚೀಟಿ ಬರೆದರು. ನಮ್ಮ ಕಪಾಟಿಗೆ ಅದೇ ಚೀಟಿಯನ್ನು ಅಂಟಿಸಿಕೊಂಡವರು ನಾವು.

ಕನ್ನಡದಲ್ಲಿ ಬರೆಯಹೊರಟರೆ ಇನ್ನೂ ಫಜೀತಿ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟು ಬೇಕು. 'ಮಲ್ಲಿಕಾರ್ಜುನ' ಎಂದು ಬರೆಯುವಷ್ಟರಲ್ಲೇ 36 ಬೈಟು ಮುಗಿಯುತ್ತದೆ. ಮನ್ಸೂರರು ಚೀಟಿಯ ಹೊರಗೆ ನಿಲ್ಲಬೇಕು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಹೆಸರು ಟೈಪಿಸಿದವರಿಗೆ ಇನ್ನೊಂದು ಅನುಭವ: ಪ್ಲೇಯರಿನಲ್ಲಿ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಾಗಾಗಿ ಬಹುಪಾಲು ಜನ ಇಂಗ್ಲಿಷಿನಲ್ಲೇ ಬರೆದರು, ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ. ಭೀಮಸೇನ ಜೋಶಿ, ಪಂಡಿತ್ ಭೀಮಸೇನ ಜೋಶಿ, ಪಂ. ಭೀಮಸೇನ ಜೋಶಿ ಎಂದು ಒಬ್ಬರೇ ಗಾಯಕರು ಮೂವರಾದರು. ಅಕಾರಾದಿಯಲ್ಲಿ ನೋಡಿದರೆ ಪಂಡಿತರೆಲ್ಲ ಒಂದು ಕಡೆ ಗುಂಪು, ಉಸ್ತಾದರೆಲ್ಲ ಇನ್ನೊಂದು ಕಡೆ. ಸಂಗೀತಗಾರರನ್ನು ಇಷ್ಟು ಅಚ್ಚುಕಟ್ಟಾಗಿ ಎರಡು ಪಂಗಡ ಮಾಡಿದ ಕೆಲಸ ಬೇರೆ ಯಾರೂ ಮಾಡಿರಲಾರರು.

ಆದರೆ ಚೀಟಿಯ ಮೇಲಿನ ಈ ಆಕ್ಷೇಪ ಹಳೆಯದು. 1998ರಲ್ಲಿ ಬಂದ ಐಡಿ3ಯ ಎರಡನೆಯ ರೂಪ ಉದಾರವಾಗಿದೆ. ಅದರಲ್ಲಿ ಯೂನಿಕೋಡ್ ನಡೆಯುತ್ತದೆ, ಗೀತರಚನಕಾರರಿಗೆ ಪ್ರತ್ಯೇಕ ಜಾಗವಿದೆ, ನಮಗೆ ಬೇಕಾದ ಹೆಸರಿನ ಹೊಸ ಕಾಲಂ ಸೇರಿಸಿಕೊಳ್ಳುವ ಅನುಕೂಲವೂ ಇದೆ. 'ರಾಗ' ಎಂದೋ 'ಗುರು' ಎಂದೋ ನಾವೇ ಬರೆಯಬಹುದು. ಕಾಗದ ವಿಶಾಲವಾಯಿತು, ಓದುವವನು ಮಾತ್ರ ಹಳೆಯ ಐದು ಸಾಲುಗಳನ್ನೇ ಓದುತ್ತಿದ್ದಾನೆ. ಜನಪ್ರಿಯ ಪ್ಲೇಯರುಗಳ ಮೇಲೆ ನಮ್ಮ ಟೀಕೆ ಇರುವುದು ಇದಕ್ಕೇ. ಆಪಲ್ 2016ರಲ್ಲಿ ಐಟ್ಯೂನ್ಸ್‌ಗೆ ಕೃತಿ ಮತ್ತು ಅದರ ಭಾಗಗಳನ್ನು ಬರೆಯುವ ಕಾಲಂ ಸೇರಿಸಿತು; ಬೀಥೋವನ್ ಕೇಳುಗರ ಬಹುಕಾಲದ ದೂರು ಅದರಿಂದ ತಕ್ಕಮಟ್ಟಿಗೆ ತೀರಿತು. ರಾಗದ ದೂರು ಹಾಗೆಯೇ ಉಳಿಯಿತು.

ರಾಗ, ಗುರು ಎಂಬ ಕಾಲಮುಗಳು ಪಾಂಡಿತ್ಯದ ಚಪಲವೆಂದು ಕೆಲವರಿಗೆ ಅನಿಸಬಹುದು. ಮನ್ಸೂರರನ್ನೇ ನೋಡಿ. ಧಾರವಾಡದ ಈ ಗಾಯಕರು ಕಲಿತದ್ದು ಉಸ್ತಾದ್ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಲ್ಲಿ. ಕೇಸರಬಾಯಿ ಕೇರ್ಕರ್, ಮೋಗುಬಾಯಿ ಕುರ್ಡೀಕರ್ ಇಬ್ಬರೂ ಅಲ್ಲಾದಿಯಾ ಖಾನರ ಶಿಷ್ಯೆಯರು. ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಸವಾಯಿ ಗಂಧರ್ವರಲ್ಲಿ ಕಲಿತವರು. ಸವಾಯಿ ಗಂಧರ್ವರು ಕಲಿತದ್ದು ಅಬ್ದುಲ್ ಕರೀಂ ಖಾನರಲ್ಲಿ. ಉತ್ತರ ಕರ್ನಾಟಕದ ಸಂಗೀತವೆಂದರೆ ಈ ಕೊಂಡಿಗಳೇ. 'ಘರಾಣೆ' ಎಂಬ ಒಂದು ಕಾಲಂ ಇದ್ದರೆ ಒಂದೇ ಕ್ಲಿಕ್ಕಿಗೆ ಮನ್ಸೂರ್, ಕೇಸರಬಾಯಿ, ಮೋಗುಬಾಯಿ ಒಂದೇ ಸಾಲಿನಲ್ಲಿ ಬಂದು ಕೂರುತ್ತಾರೆ. ಇಲ್ಲದಿದ್ದರೆ ಅವರು ಅಕಾರಾದಿಯ ಅಪರಿಚಿತರು. ಕಂಪ್ಯೂಟರಿನಲ್ಲಿ ಬೆಳೆದ ಮಗುವಿಗೆ ಒಬ್ಬ ಉಸ್ತಾದನಿಗೂ ಒಬ್ಬ ಮಲ್ಲಿಕಾರ್ಜುನನಿಗೂ ಸಂಬಂಧವಿತ್ತೆಂದು ತಿಳಿಯುವ ದಾರಿ ಯಾವುದು?

ಸಿನಿಮಾ ಹಾಡುಗಳಲ್ಲಿ ಸಮಸ್ಯೆ ಹಗುರ, ಕಿರಿಕಿರಿ ಹೆಚ್ಚು. ಒಂದು ಚಿತ್ರದ ಆರು ಹಾಡನ್ನು ನಾಲ್ವರು ಹಾಡಿದ್ದರೆ ಕೆಲವು ಪ್ಲೇಯರುಗಳು ಅದನ್ನು ನಾಲ್ಕು ಆಲ್ಬಮ್ ಮಾಡಿಬಿಡುತ್ತವೆ. 'ಆಲ್ಬಮ್ ಕಲಾವಿದ' ಎಂಬ ಕಾಲಮಿನಲ್ಲಿ ಸಂಗೀತ ನಿರ್ದೇಶಕರ ಹೆಸರು ಬರೆದರೆ ಇದು ನಿಲ್ಲುತ್ತದೆ. ಪಿ.ಬಿ. ಶ್ರೀನಿವಾಸ್ ಹಾಡಿದ್ದನ್ನು 'ಅಣ್ಣಾವ್ರ ಹಾಡು' ಎನ್ನುವ ನಮ್ಮ ಅಭ್ಯಾಸಕ್ಕೆ ಮಾತ್ರ ಯಾವ ಸಾಫ್ಟ್‌ವೇರಿನಲ್ಲೂ ಮದ್ದಿಲ್ಲ.

ಹಾಡಿಗೆ ಹೆಸರಿನ ಚೀಟಿ ಬೇಕೆಂಬುದು ಕಂಪ್ಯೂಟರಿಗಿಂತ ಹಳೆಯ ಮಾತು. 1902ರಲ್ಲಿ ಕಲ್ಕತ್ತೆಗೆ ಬಂದ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಸುಮಾರು ಮೂರು ನಿಮಿಷದ ಹಾಡು ಮುಗಿಯುತ್ತಲೇ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಾರೆ. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಇದು ಯಾರ ದನಿಯೆಂದು ತಿಳಿಯಬೇಕಲ್ಲ! ಆಕೆ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಇಂದಿಗೂ ಆ ತಟ್ಟೆಯ ನಕಲು ಯಾವ ಫೈಲಿನಲ್ಲಿ, ಎಂಥ ತಪ್ಪು ಹೆಸರಿನಲ್ಲಿ ಬಂದರೂ ಕೊನೆಯವರೆಗೆ ಕೇಳಿದರೆ ಹಾಡಿದವರು ಯಾರೆಂದು ತಿಳಿಯುತ್ತದೆ. ಆ ಚೀಟಿ ಹಾಡಿನೊಳಗೇ ಇದೆ.

ಚೀಟಿ ಎಲ್ಲಿರಬೇಕು ಎಂಬ ಪ್ರಶ್ನೆಯಲ್ಲಿ ನಮ್ಮ ಕಾಲದ ಹಲವು ಪ್ಲೇಯರುಗಳು ಸೋಲುತ್ತವೆ. ಐಟ್ಯೂನ್ಸ್‌ನಲ್ಲಿ ನಾವು ಕೊಟ್ಟ ನಕ್ಷತ್ರಗಳು, ಕಟ್ಟಿದ ಪಟ್ಟಿಗಳು ಹಾಡಿನ ಫೈಲಿಗೆ ಹೋಗುವುದಿಲ್ಲ, ಅದರದೇ ರಿಜಿಸ್ಟರಿಗೆ ಹೋಗುತ್ತವೆ. 2019ರಲ್ಲಿ ಮ್ಯಾಕ್‌ನಲ್ಲಿ ಐಟ್ಯೂನ್ಸ್ ಒಡೆದು ಮೂರು ತುಂಡಾದಂತೆ ಪೆಟ್ಟಿಗೆ ಬದಲಾದರೆ, ರಿಜಿಸ್ಟರಿನ ಗತಿ ಪೆಟ್ಟಿಗೆಯ ಮಾಲೀಕನ ಮರ್ಜಿ. ವಿಂಡೋಸ್ ಮೀಡಿಯಾ ಪ್ಲೇಯರಿನ ಹಳೆಯ ಆವೃತ್ತಿಗಳು ಇನ್ನೂ ಮುಂದೆ ಹೋಗಿದ್ದವು. ನಮ್ಮದೇ ಸಿಡಿಯಿಂದ ನಕಲು ಮಾಡುವಾಗ ಹಾಡಿಗೆ ಬೀಗ ಹಾಕುವ ಸೌಲಭ್ಯ ಅವುಗಳಲ್ಲಿತ್ತು. ಕೀಲಿ ಆ ಕಂಪ್ಯೂಟರಿನಲ್ಲಿ. ಕಂಪ್ಯೂಟರು ಕೆಟ್ಟು ಕೀಲಿ ಕಳೆದರೆ ಕೊಂಡ ಹಾಡು ಮೂಕ. 2008ರಲ್ಲಿ ಮೈಕ್ರೋಸಾಫ್ಟ್ ತನ್ನ ಎಂಎಸ್ಎನ್ ಮ್ಯೂಸಿಕ್‌ನಲ್ಲಿ ಮಾರಿದ್ದ ಹಾಡುಗಳಿಗೆ ಕೀಲಿ ಕೊಡುವುದನ್ನೇ ನಿಲ್ಲಿಸುವುದಾಗಿ ಹೇಳಿ, ಗ್ರಾಹಕರ ಪ್ರತಿಭಟನೆಯ ಮೇಲೆ ಗಡುವು ಮುಂದೂಡಿತು.

ವಿನ್ಯಾಂಪ್ ಬಗ್ಗೆ ನಮಗೆ ಪ್ರೀತಿಯಿದೆ. 1997ರಲ್ಲಿ ಬಂದ ಆ ಪುಟ್ಟ ಪ್ಲೇಯರು ಎಂಪಿ3 ಎಂಬುದನ್ನು ಮನೆಮಾತಾಗಿಸಿತು. ಎರಡೇ ವರ್ಷದಲ್ಲಿ ಎಒಎಲ್ ಅದನ್ನು ಕೊಂಡಿತು, 2013ರಲ್ಲಿ ಮುಚ್ಚುವುದಾಗಿ ಹೇಳಿತು, ಆಮೇಲೆ ಮಾರಿತು. ಪ್ರೀತಿಯ ಮೇಲೆ ಸಂಗ್ರಹ ನಿಲ್ಲುವುದಿಲ್ಲ. ವಿಎಲ್‌ಸಿ ಯಾವ ಫೈಲನ್ನು ಕೊಟ್ಟರೂ ಬೇಸರಿಸದೆ ನುಡಿಸುವ ಸಭ್ಯ. ಸಾವಿರಾರು ಹಾಡನ್ನು ಜೋಡಿಸಿಡುವ ಗುಣ ಅದಕ್ಕಿಲ್ಲ.

ಮುಸ್ಲಿಂ ಮನೆಗಳಲ್ಲಿ ಇನ್ನೊಂದು ತೊಡಕೂ ಇದೆ. ಈಜಿಪ್ಟಿನ ಅಬ್ದುಲ್ ಬಾಸಿತ್‌ರಂಥವರ ಕುರ್‌ಆನ್ ಪಾರಾಯಣ ಅದೇ ಕಂಪ್ಯೂಟರಿನಲ್ಲಿರುತ್ತದೆ, ಮತ್ತು ಪ್ಲೇಯರಿನ ಲೆಕ್ಕದಲ್ಲಿ ಅದೂ ಒಂದು 'ಹಾಡು'. ಎಲ್ಲವನ್ನೂ ಕಲಸಿ ನುಡಿಸುವ ಶಫಲ್ ಗುಂಡಿ ಒತ್ತಿದರೆ ಚಿತ್ರಗೀತೆಯ ಬೆನ್ನಿಗೆ ಸೂರಃ ಬರುತ್ತದೆ. ಒಂದರ ಕೊನೆಯನ್ನು ಇನ್ನೊಂದರ ಆರಂಭಕ್ಕೆ ಬೆರೆಸುವ ಕ್ರಾಸ್‌ಫೇಡ್ ಚಾಲೂ ಇದ್ದರೆ ಎರಡೂ ಒಂದರ ಮೇಲೊಂದು ಕೇಳುತ್ತವೆ. 286 ಸೂಕ್ತಗಳ ಅಲ್ ಬಕರಃ ಒಂದೇ ಫೈಲಿನಲ್ಲಿ ಎರಡು ಗಂಟೆಯಷ್ಟು ಇರಬಹುದು. ನಿಲ್ಲಿಸಿದಲ್ಲಿಂದ ಮುಂದುವರಿಸಲಾರದ ಪ್ಲೇಯರು ಅದಕ್ಕೆ ನಿಷ್ಪ್ರಯೋಜಕ. ಐಟ್ಯೂನ್ಸ್‌ನಲ್ಲಿ ನಿಂತ ಜಾಗವನ್ನು ನೆನಪಿಡಲು, ಶಫಲ್‌ನಿಂದ ಹೊರಗಿಡಲು ಎರಡು ಸಣ್ಣ ಗುರುತುಗಳಿವೆ. ಅದನ್ನು ಮೆಚ್ಚಬೇಕು. ಆದರೂ ಪಾರಾಯಣಕ್ಕೆ ಬೇರೆ ಫೋಲ್ಡರ್, ಸಾಧ್ಯವಾದರೆ ಬೇರೆ ಪ್ಲೇಯರೇ ಲೇಸು. 114 ಫೈಲುಗಳಿಗೆ 001, 002 ಎಂದೇ ಸಂಖ್ಯೆ ಕೊಡಿ. ಇಲ್ಲವಾದರೆ ಒಂದರ ನಂತರ ಹತ್ತು, ಆಮೇಲೆ ನೂರು ಬರುವುದುಂಟು.

ಇಷ್ಟೆಲ್ಲ ನೋಡಿದ ಮೇಲೆ ವಿಂಡೋಸ್ ಬಳಸುವವರಿಗೆ ನಾವು ಹೇಳುವ ಹೆಸರು ಫೂಬಾರ್2000. ವಿನ್ಯಾಂಪ್ ಬಳಗದಲ್ಲೇ ಕೆಲಸ ಮಾಡಿದ್ದ ಪೀಟರ್ ಪಾವ್ಲೋವ್ಸ್ಕಿ 2002ರಿಂದ ಇದನ್ನು ಬೆಳೆಸಿಕೊಂಡು ಬಂದಿದ್ದಾರೆ, ಬೆಲೆಯಿಲ್ಲ. ಮೊದಲ ನೋಟಕ್ಕೆ ಲೆಕ್ಕಪತ್ರದ ಹಾಳೆಯಂತೆ ಬೋಳು. ಅದನ್ನು ನಮಗೆ ಬೇಕಾದಂತೆ ಹೊಂದಿಸಲು ಒಂದೆರಡು ಭಾನುವಾರಗಳಾದರೂ ಬೇಕು, ಆ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಆದರೆ 'ಕವಿ', 'ರಾಗ', 'ಗುರು' ಎಂದು ನಾವು ಬರೆದ ಕಾಲಮನ್ನು ಅದು ಫೈಲಿನೊಳಗೇ ಬರೆಯುತ್ತದೆ, ಕನ್ನಡದಲ್ಲೇ ಬರೆದರೂ ಓದುತ್ತದೆ, ಅದರ ಪ್ರಕಾರ ಹುಡುಕಿ ಜೋಡಿಸಿಯೂ ಕೊಡುತ್ತದೆ. ಸಿಡಿಯಲ್ಲಿ ವಿಲಂಬಿತದಿಂದ ದ್ರುತಕ್ಕೆ ಹೋಗುವಲ್ಲಿ ಕತ್ತರಿಸಿದ್ದರೆ ನಡುವೆ ಮೌನ ನುಸುಳದಂತೆ ನೋಡಿಕೊಳ್ಳುತ್ತದೆ. ಅಷ್ಟು ಸಮಯವಿಲ್ಲದವರಿಗೆ ಮ್ಯೂಸಿಕ್‌ಬೀ ಇದೆ. ಅದರಲ್ಲೂ ಹೊಸ ಕಾಲಮುಗಳಿಗೆ ಅವಕಾಶವುಂಟು, ಮುಖವೂ ಹೆಚ್ಚು ಸ್ನೇಹದ್ದು. ಲಿನಕ್ಸ್ ಬಳಸುವವರು ಕ್ವಾಡ್ ಲಿಬೆಟ್ ನೋಡಬಹುದು.

ಯಾವುದನ್ನೇ ಆರಿಸಿದರೂ ಕೆಲಸವನ್ನು ಕ್ಯಾಸೆಟ್ಟುಗಳಿಂದ ಆರಂಭಿಸಬೇಕು. ಸಿಡಿಗಾದರೆ ಮ್ಯೂಸಿಕ್‌ಬ್ರೇನ್ಸ್‌ನಂಥ ಸಾರ್ವಜನಿಕ ಕೋಶದಿಂದ ಹೆಸರುಗಳು ಸಿಗಬಹುದು. ಊರ ಕಾರ್ಯಕ್ರಮವೊಂದರಲ್ಲಿ ಮುದ್ರಿಸಿಕೊಂಡ ಕ್ಯಾಸೆಟ್ಟಿನ ಒಂದು ಬದಿ ಕಂಪ್ಯೂಟರಿಗೆ ಬರುವುದು ಮೂವತ್ತು ನಿಮಿಷದ 'ಟ್ರ್ಯಾಕ್ 01' ಆಗಿ. ತಬಲಾ ಯಾರದು, ರಾಗ ಯಾವುದು, ಅದು ಯಾವ ಉರೂಸು, ಯಾವ ಜಾತ್ರೆ ಎಂದು ಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ, ಹೆಚ್ಚಾಗಿ ವಯಸ್ಸಾದವರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಬೇಕು, ಈ ವರ್ಷವೇ. ಹತ್ತು ಫೈಲು ಮುಗಿದೊಡನೆ ಅವನ್ನು ಪೆನ್‌ಡ್ರೈವಿಗೆ ಹಾಕಿ, ಬೇರೊಂದು ಕಂಪ್ಯೂಟರಿನಲ್ಲಿ, ಹೆಚ್ಚಿನ ಕಾಲಮುಗಳನ್ನು ಓದಬಲ್ಲ ಬೇರೊಂದು ಪ್ಲೇಯರಿನಲ್ಲಿ ತೆರೆದು 'ಶರೀಫ' ಎಂದು ಹುಡುಕಿ ನೋಡಿ. ಸಿಕ್ಕರೆ ಉಳಿದ ಫೈಲುಗಳನ್ನೂ ಹಾಗೆಯೇ ಮುಂದುವರಿಸಬಹುದು.