ಮುಳ್ಳುತಂತಿಯ ಅಖಾಡಗಳು

ಆಯುಧಗಳನ್ನೂ ಬಳಸುವ ಹಾರ್ಡ್‌ಕೋರ್ ಕುಸ್ತಿಯನ್ನು ಕೇವಲ ರಕ್ತಪ್ರದರ್ಶನವೆಂದು ತಳ್ಳಿಹಾಕುವವರುಂಟು; ಆ ರಕ್ತವನ್ನೇ ಗುಣವೆಂದೆಣಿಸಿ ಕೊಂಡಾಡುವವರೂ ಉಂಟು. ನಾನಾ ದೇಶಗಳ ಸ್ವತಂತ್ರ ಮಂಡಳಿಗಳ ಪಂದ್ಯಗಳನ್ನು ಬಹುಕಾಲದಿಂದ ನೋಡುತ್ತ ಬಂದಿರುವ ನನಗೆ, ಆಯುಧವು ತಗಲುವುದಕ್ಕೆ ಮುಂಚಿನ ಭಯವನ್ನೂ ತಗಲಿದ ಮೇಲಿನ ಮರುಕವನ್ನೂ ಎಷ್ಟು ಹೊತ್ತು ಹಿಡಿದು ನಿಲ್ಲಿಸಬಲ್ಲುದೆಂಬುದೇ ಒಂದು ಮಂಡಳಿಯ ಯೋಗ್ಯತೆಗೆ ತಕ್ಕ ಅಳತೆಯೆಂದು ತೋರುತ್ತದೆ.

ಈ ಅಳತೆಯಲ್ಲಿ ಜಪಾನಿನ ಎಫ್‌ಎಂಡಬ್ಲ್ಯೂ ಮಂಡಳಿಗೆ ಸಮನಾದುದನ್ನು ನಾನು ಕಾಣೆ. ಜೈಂಟ್ ಬಾಬಾನ ಆಲ್ ಜಪಾನ್ ಮಂಡಳಿಯಲ್ಲಿ ಬೆಳೆದು, ಮೊಣಕಾಲಿನ ಪೆಟ್ಟಿನಿಂದ ನಿವೃತ್ತನಾಗಿದ್ದ ಅತ್ಸುಶಿ ಒನಿಟಾ ಅದನ್ನು 1989ರಲ್ಲಿ ಸ್ಥಾಪಿಸಿದನು. ತಾರುಣ್ಯದಲ್ಲಿ ಅಮೆರಿಕೆಯ ಮೆಂಫಿಸ್ ಪ್ರಾಂತದಲ್ಲಿ ಕಾದಾಡಿ, 1981ರಲ್ಲಿ ಟುಪೆಲೋ ಊರಿನಲ್ಲಿ ಅಖಾಡವನ್ನು ದಾಟಿ ತಿಂಡಿಯಂಗಡಿಯೊಳಕ್ಕೇ ನುಗ್ಗಿದ ಹೊಡೆದಾಟದಲ್ಲಿ ಭಾಗಿಯಾಗಿದ್ದ ಅವನು, ಅಲ್ಲಿಯ ಒರಟುತನವನ್ನು ಸ್ವದೇಶಕ್ಕೆ ಒಯ್ದು, ಅದಕ್ಕೆ ಮುಳ್ಳುತಂತಿಯನ್ನೂ ಸಿಡಿಮದ್ದನ್ನೂ ಕೂಡಿಸಿದನು.

1993ರ ಮೇ 5ರಂದು ಕಾವಾಸಾಕಿ ಕ್ರೀಡಾಂಗಣದಲ್ಲಿ ಒನಿಟಾನಿಗೂ ಟೆಕ್ಸಾಸಿನ ಟೆರಿ ಫಂಕನಿಗೂ ನಡೆದ ಪಂದ್ಯವನ್ನು ಎಷ್ಟು ಸಲ ನೋಡಿದರೂ ನನ್ನ ಎದೆಬಡಿತ ತಪ್ಪದು. ಹಗ್ಗಗಳಿದ್ದೆಡೆಯಲ್ಲಿ ಮುಳ್ಳುತಂತಿ, ಮುಟ್ಟಿದರೆ ಸಿಡಿಯುವ ಮದ್ದು, ನಿಯತಕಾಲಕ್ಕೆ ಅಖಾಡವನ್ನೇ ಸ್ಫೋಟಿಸುವ ಬಾಂಬು. ಗೆದ್ದ ಒನಿಟಾ ಹೊರಗೆ ಬಂದನು. ಫಂಕನೋ ಒಳಗೆ ಮೈಮರೆತು ಬಿದ್ದಿದ್ದಾನೆ, ಗಡಿಯಾರದ ಎಣಿಕೆ ಇಳಿಯುತ್ತಿದೆ. ಒನಿಟಾ ಮರಳಿ ಒಳಹೊಕ್ಕು, ಅವನನ್ನೆಬ್ಬಿಸಲು ಯತ್ನಿಸಿ, ಆಗದೆ, ಕಡೆಗೆ ತನ್ನ ಮೈಯನ್ನೇ ಅವನ ಮೇಲೆ ಹೊದಿಸಿ ಸ್ಫೋಟಕ್ಕೆ ಬೆನ್ನುಗೊಟ್ಟನು. ಇದೆಲ್ಲವೂ ಮೊದಲೇ ಹೂಡಿದ ಆಟವೆಂಬುದನ್ನು ಬಲ್ಲವನೂ ಆ ಗಳಿಗೆಯಲ್ಲಿ ಶತ್ರುಮಿತ್ರರ ಭೇದವನ್ನು ಮರೆತು ಇಬ್ಬರ ಪ್ರಾಣಕ್ಕೂ ಅಂಜುತ್ತಾನೆ. ಬಾಂಬಿನ ಸದ್ದಿಗಿಂತ ಆ ಅಂಜಿಕೆಯೇ ಒನಿಟಾನ ನಿಜವಾದ ಸೃಷ್ಟಿ.

ಫಿಲಡೆಲ್ಫಿಯದ ಇಸಿಡಬ್ಲ್ಯೂ ಮಂಡಳಿಯ ಬಲವು ಬೇರೆ ಬಗೆಯದು. ಬಿಂಗೊ ಆಡುವ ಒಂದು ಸಭಾಂಗಣದಲ್ಲಿ, ಮನೆಯಿಂದ ತಂದ ಬಾಣಲೆಯನ್ನು ಜಟ್ಟಿಯ ಕೈಗಿತ್ತು ಪಂದ್ಯದಲ್ಲಿ ತಾವೂ ಪಾಲುಗೊಳ್ಳುತ್ತಿದ್ದ ಪ್ರೇಕ್ಷಕರೇ ಅದರ ಜೀವ. ಮಂಡಳಿಯನ್ನು ನಡೆಸುತ್ತಿದ್ದ ಪಾಲ್ ಹೇಮನ್ ಆ ಜನದ ಸಿಟ್ಟನ್ನೂ ಪ್ರೀತಿಯನ್ನೂ ಅರಿತಿದ್ದನು. ಎಫ್‌ಎಂಡಬ್ಲ್ಯೂದಲ್ಲಿ ಬೆಂಕಿಯ ನಡುವೆ ಸೆಣಸಿದ್ದ ಸಾಬೂ ಎಂಬ ಜಟ್ಟಿ ಇಲ್ಲಿಯೂ ಮೆರೆದನು. 1997ರ ಏಪ್ರಿಲಿನಲ್ಲಿ, 52ನೆಯ ವಯಸ್ಸಿನಲ್ಲಿ, ಅದೇ ಟೆರಿ ಫಂಕ್ ಇಲ್ಲಿಯ ಪಟ್ಟವನ್ನು ಗೆದ್ದನು. 2001ರಲ್ಲಿ ಮಂಡಳಿ ದಿವಾಳಿಯಾಯಿತು.

ಅದರ ಅವಸಾನಕಾಲದಲ್ಲಿ, 1999ರಲ್ಲಿ, ಜಾನ್ ಜ್ಯಾಂಡಿಗ್ ಹುಟ್ಟುಹಾಕಿದ ಸಿಜೆಡ್‌ಡಬ್ಲ್ಯೂ ಮಂಡಳಿಯ ಸಾಹಸವನ್ನು ನಾನು ಅಲ್ಲಗಳೆಯೆನು. ಆದರೂ ಒಡೆದ ಟ್ಯೂಬ್‌ಲೈಟುಗಳ ರಾಶಿಯ ನಡುವೆ ಕಥೆಯ ಎಳೆಯೇ ಅಲ್ಲಿ ಹಲವು ವೇಳೆ ಕಳೆದುಹೋಗುತ್ತದೆ. ಮೊದಲನೆಯ ಗಾಜು ಒಡೆದಾಗ ಬೆಚ್ಚಿದ ಮನಸ್ಸು ಐವತ್ತನೆಯದಕ್ಕೆ ಅಲುಗದು. ಆಯುಧಗಳ ಸಂಖ್ಯೆಯಿಂದಲೇ ಅಪಾಯವನ್ನು ಅಳೆಯುವವರು ಒನಿಟಾನ ಉತ್ತರಾಧಿಕಾರಿಯಾದ ಹಯಾಬುಸಾನ ಗತಿಯನ್ನು ನೆನೆಯಬೇಕು: ಮುಳ್ಳುತಂತಿ, ಸಿಡಿಮದ್ದುಗಳಿಂದ ಪಾರಾಗಿದ್ದ ಅವನು, 2001ರ ಅಕ್ಟೋಬರಿನಲ್ಲಿ ಟೋಕಿಯೋದ ಕೊರಾಕುಯೆನ್ ಸಭಾಂಗಣದಲ್ಲಿ, ಹಗ್ಗದ ಮೇಲಿಂದ ಹಿಮ್ಮುಖವಾಗಿ ಪಲ್ಟಿ ಹೊಡೆಯಹೋಗಿ, ಕಾಲು ಜಾರಿ, ಕತ್ತಿನ ಪೆಟ್ಟಿನಿಂದ ಪಾರ್ಶ್ವವಾಯುವಿಗೆ ಗುರಿಯಾದನು. ಮರುವರ್ಷವೇ ಎಫ್‌ಎಂಡಬ್ಲ್ಯೂ ಮುಚ್ಚಿತು.

ಇಂದಿಗೂ ಬಾಳಿರುವವುಗಳಲ್ಲಿ, ಗ್ರೇಟ್ ಕೊಜಿಕಾ 1995ರಲ್ಲಿ ಆರಂಭಿಸಿದ ಬಿಗ್ ಜಪಾನ್ ಮಂಡಳಿಯ ಮೇಲೆ ನನಗೆ ವಿಶೇಷ ಗೌರವ. ಆಯುಧಗಳ ಕಾದಾಟವಾದ ಡೆತ್‌ಮ್ಯಾಚಿಗೊಂದು, ಬರಿಗೈಯ ಬಲಿಷ್ಠ ಕುಸ್ತಿಗೊಂದು ಎಂದು ಅದು ಬೇರೆಬೇರೆ ಪಟ್ಟಗಳನ್ನು ಇರಿಸಿಕೊಂಡಿದೆ. ಪಟ್ಟುಗಳ ಕಾದಾಟವನ್ನು ನೋಡಿದ ಕಣ್ಣಿಗೆ ಬಳಿಕ ಬರುವ ಗಾಜಿನ ಭಯ ಮತ್ತೆ ಹೊಸದಾಗುತ್ತದೆ.