ಒಂದು ಹನಿ ರಕ್ತದ ಓದು

ಹೈದರಾಬಾದಿನ ನಲ್ಲಕುಂಟ ಜ್ವರದಾಸ್ಪತ್ರೆಗೆ ರೊನಾಲ್ಡ್ ರಾಸ್ ಹೆಸರಿದೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅವರು ಸೊಳ್ಳೆಯ ಜಠರದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡರು. 1902ರಲ್ಲಿ ನೊಬೆಲ್ ಬಂತು.

ನಿತ್ಯದ ಶಹಬ್ಬಾಸ್ ಮಾತ್ರ ಸಲ್ಲಬೇಕಾದ್ದು ಆ ಪರೋಪಜೀವಿಯನ್ನು ರೋಗಿಯ ರಕ್ತದಲ್ಲಿ ಹುಡುಕುವ ಲ್ಯಾಬ್ ಟೆಕ್ನಿಷಿಯನ್‌ಗೆ. ಬೆರಳ ತುದಿಯ ರಕ್ತದಿಂದ ಸ್ಲೈಡಿನ ಮೇಲೆ ಎರಡು ಲೇಪ. ದಪ್ಪ ಲೇಪದಲ್ಲಿ ಕೆಂಪುಕಣಗಳು ಒಡೆದು, ಪರೋಪಜೀವಿ ಇದೆಯೇ ಎಂಬುದು ಬೇಗ ಗೊತ್ತಾಗುತ್ತದೆ. ಅದು ಯಾವ ಜಾತಿಯದೆಂದು ಹೇಳುವುದು ತೆಳು ಲೇಪ. ಜೀಮ್ಸಾ ಬಣ್ಣ ಹಿಡಿದ ಮೇಲೆ ಬಾಳೆಹಣ್ಣಿನಂಥ ಬಾಗಿದ ರೂಪ ಕಂಡರೆ ಫಾಲ್ಸಿಪೇರಂ. ಉಬ್ಬಿದ ಕೆಂಪುಕಣದಲ್ಲಿ ಸಣ್ಣ ಚುಕ್ಕೆಗಳಿದ್ದರೆ ಹೆಚ್ಚಾಗಿ ವೈವಾಕ್ಸ್. ಕಣ್ಣು ಪಳಗಿರಬೇಕು, ಅವಸರ ಸಲ್ಲದು.

ಜಾತಿ ತಪ್ಪಿದರೆ ಮದ್ದೂ ತಪ್ಪುತ್ತದೆ. ಫಾಲ್ಸಿಪೇರಂಗೆ ಆರ್ಟಿಮಿಸಿನಿನ್ ಬೆರೆತ ಚಿಕಿತ್ಸೆ. ವೈವಾಕ್ಸ್‌ಗೆ ಕ್ಲೋರೋಕ್ವಿನ್ ಜೊತೆಗೆ, ಯಕೃತ್ತಿನಲ್ಲಿ ಅಡಗಿದ್ದನ್ನು ಕೊಲ್ಲಲು 14 ದಿನ ಪ್ರೈಮಾಕ್ವಿನ್. ವೈದ್ಯರು ಬರೆದುಕೊಟ್ಟ ಆ ಗುಳಿಗೆಗಳನ್ನು ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಬೇಡಿ.